ಒಂಬತ್ತು ವೋಲ್ಟು

ಊಟದ ಮೇಜಿನ ಮೇಲೆ ನಾಲ್ಕು ಅಡಾಪ್ಟರುಗಳನ್ನು ಸಾಲಾಗಿ ಇಟ್ಟುಕೊಂಡು ನಿರುಪಮಾ ಅರ್ಧ ಗಂಟೆಯಿಂದ ಕೂತಿದ್ದಳು. ಆರು ವೋಲ್ಟಿನದು, ಒಂಬತ್ತರದು, ಹನ್ನೆರಡರದು, ಕೊನೆಗೆ ಇಟ್ಟಿಗೆಯಷ್ಟು ಭಾರದ ಇಪ್ಪತ್ತನಾಲ್ಕರದು. ಕಾಫಿ ಆರಿ ಮೇಲೆ ಕೆನೆ ಕಟ್ಟಿತ್ತು. ವಲಸೆ ಬಂದು ನೆಲೆಸಿದ ಇದೇ ಪಿಸ್ಕಾಟವೇ ಊರಿನ ಟೆಲಿಫೋನ್ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ, ಯಂತ್ರಗಳಿಗೆ ಕರೆಂಟು ಒದಗಿಸುವ ಪವರ್ ಸಪ್ಲೈ ಬಿಟ್ಟು ಬೇರೇನನ್ನೂ ಮಾಡದೆ ರಿಟೈರ್ ಆದವಳು, ಐವತ್ತು ವರ್ಷ ಹಳೆಯ ಆಟದ ಯಂತ್ರವೊಂದರ ಎರಡು ಬಲ್ಬು ಹತ್ತಿಸಲು ಯಾವ ಡಬ್ಬಿ ಒಯ್ಯಬೇಕೆಂದು ತಿಳಿಯದೆ ಶನಿವಾರದ ಬೆಳಿಗ್ಗೆಯನ್ನು ಹಾಳು ಮಾಡಿಕೊಳ್ಳುತ್ತಿದ್ದಾಳೆ ಎಂದು ಯಾರಿಗಾದರೂ ಗೊತ್ತಾದರೆ ಬಿದ್ದು ಬಿದ್ದು ನಗುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದು ತಲೆಯನ್ನು ಇನ್ನಷ್ಟು ಕೆಡಿಸಿತ್ತು. ಒಬ್ಬ ಒಂಬತ್ತು ಸಾಕು ಎನ್ನುತ್ತಾನೆ. ಇನ್ನೊಬ್ಬ ಹನ್ನೆರಡೇ ಎಂದು ಆಣೆಯಿಟ್ಟು ಹೇಳುತ್ತಾನೆ. ಮೂರನೆಯವನು ಜಪಾನಿನಲ್ಲಿ ಇವೆಲ್ಲ ಇಪ್ಪತ್ತನಾಲ್ಕರಲ್ಲಿ ಓಡುತ್ತಿದ್ದವು, ನಿಮಗ್ಯಾರಿಗೂ ತಲೆಯಿಲ್ಲ ಎಂದು ಬೈದು ಹೋಗಿದ್ದಾನೆ. ಕಡಿಮೆ ಕೊಟ್ಟರೆ ದೀಪ ಮಿಣಮಿಣ ಎನ್ನುತ್ತದೆ. ಹೆಚ್ಚು ಕೊಟ್ಟರೆ ಒಂದು ಸಲ ಫಳ್ಳೆಂದು ಬೆಳಗಿ ಮುಗಿದುಹೋಗುತ್ತದೆ. ಆದರೆ ಬೆಳಿಗ್ಗೆಯಿಂದ ಅವಳನ್ನು ಕಾಡುತ್ತಿದ್ದುದು ಬಲ್ಬಿನ ಚಿಂತೆಯಲ್ಲ. ಶೈಲಮ್ಮನವರ ಕಣ್ಣೆದುರಿಗೆ ಇನ್ನೊಮ್ಮೆ ಏನನ್ನಾದರೂ ಸುಟ್ಟರೆ, ಈ ಸಲ ಅದನ್ನು ಯಾರ ತಲೆಗೆ ಕಟ್ಟುವುದು?

ಶೈಲಮ್ಮ ಸೇತುವೆಯಾಚೆಯ ಜೆರಿಕೋ ಎಂಬ ಊರಿನಿಂದ ಫೋನ್ ಮಾಡಿದ್ದು ಹೋದ ಭಾನುವಾರ. ಅಲ್ಲಿ ನಲವತ್ತು ವರ್ಷದಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿರುವವರು. ಫೋನಿನಲ್ಲೂ ಅವರ ದನಿ ಪಕ್ಕದ ಕೋಣೆಗೆ ಕೇಳಿಸುತ್ತದೆ. “ನಿರುಪಮಾ, ಬೇಸ್‌ಮೆಂಟಲ್ಲಿ ನಮ್ಮ ಡಾಕ್ಟರ ಪಚಿಂಕೋ ಸಿಕ್ತು ಕಣ್ರೀ. ಈ ಸಲ ದಸರಾ ಗೊಂಬೆ ಪಕ್ಕದಲ್ಲಿ ಇಟ್ಟಿದೀನಿ. ಗೋಲಿ ಎಲ್ಲಾ ಚೆನ್ನಾಗಿ ಬೀಳತ್ತೆ, ದೀಪ ಮಾತ್ರ ಹತ್ತಲ್ಲ. ಹಿಂದ್ಗಡೆ ಎರಡು ವೈರು ಸುಮ್ನೆ ನೇತಾಡ್ತಿವೆ. ಅದಕ್ಕೆ ಏನು ಸಿಕ್ಕಿಸಬೇಕೂಂತ ನೀವೇ ಬಂದು ಹೇಳಬೇಕು.” ಪಚಿಂಕೋ ಎಂದರೇನೆಂದು ಅವಳು ಕೇಳಿದ್ದಕ್ಕೆ, ಗೋಡೆಗೆ ನಿಲ್ಲಿಸುವ ಹಲಗೆ, ತುಂಬ ಹಿತ್ತಾಳೆ ಮೊಳೆ, ಹೆಬ್ಬೆರಳಿನಿಂದ ಒಂದು ಹಿಡಿ ಒತ್ತಿ ಬಿಟ್ಟರೆ ಉಕ್ಕಿನ ಗೋಲಿ ಮೇಲೆ ಹಾರಿ ಮೊಳೆಗಳ ನಡುವೆ ತಡವರಿಸುತ್ತ ಕೆಳಗೆ ಬರುತ್ತದೆ, ಹೂವಿನೊಳಗೆ ಬಿದ್ದರೆ ಗೆದ್ದ ಹಾಗೆ, ಎಂದೆಲ್ಲ ವಿವರಿಸಿದರು. ಕಾಲು ಶತಮಾನ ಅದು ಬೇಸ್‌ಮೆಂಟಿನಲ್ಲಿತ್ತು. ಶೈಲಮ್ಮನವರ ಗಂಡ, ಆ ಡಾಕ್ಟರು, ತೀರಿಕೊಂಡು ನಾಲ್ಕು ವರ್ಷ. ಫೋನ್ ಇಡುವ ಮುಂಚೆ ಶೈಲಮ್ಮ ನಕ್ಕರು. “ನಿಮ್ಮೆಜಮಾನರನ್ನೂ ಕರ್ಕೊಂಡು ಬನ್ನಿ, ಹೋಳಿಗೆ ಮಾಡ್ತೀನಿ. ಪ್ಲಗ್ ಹತ್ರ ಮಾತ್ರ ಅವರನ್ನ ಬಿಡಬೇಡಿ, ಆಯ್ತಾ?” ಅವಳೂ ನಕ್ಕಿದ್ದಳು. ಆ ನಗು ಎಷ್ಟು ಸಲೀಸಾಗಿ ಬಂತೆಂದರೆ, ಫೋನ್ ಇಟ್ಟ ಮೇಲೆ ಥೂ ಎಂದು ತನಗೆ ತಾನೇ ಅಂದುಕೊಂಡಿದ್ದಳು.

“ನಿರು, ಟೋಸ್ಟರ್ ಹಾಕಲಾ?” ಅಡಿಗೆಮನೆಯಿಂದ ಗಂಡ ಅಶ್ವತ್ಥನಾರಾಯಣ ಕೇಳಿದರು.

“ಹಾಕಿ” ಅಂದಳು. ಅವರು ಹಾಕಲಿಲ್ಲ. ಬ್ರೆಡ್ಡಿನ ಎರಡು ತುಂಡು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು, “ಈ ಕಡೆ ಪ್ಲಗ್ಗಾ, ಫ್ರಿಜ್ ಹತ್ರ ಇರೋದಾ?” ಎಂದರು. ಯೂನಿವರ್ಸಿಟಿಯಲ್ಲಿ ಮೂವತ್ತು ವರ್ಷ ಕೀಟಶಾಸ್ತ್ರ ಪಾಠ ಮಾಡಿದ ಮನುಷ್ಯ. ಮುರಿದ ಒಂದು ಕಾಲು ತೋರಿಸಿದರೆ ಅದು ಯಾವ ಜೀರುಂಡೆಯದು, ಹೆಣ್ಣೋ ಗಂಡೋ ಹೇಳುತ್ತಾರೆ. ಟೋಸ್ಟರಿನ ಪ್ಲಗ್ಗು ಇವರಿಗೆ ಗೊತ್ತಿಲ್ಲವೆ? ಎರಡು ವರ್ಷದಿಂದ ಹೀಗೇ. ರೈಸ್ ಕುಕ್ಕರ್ ಹಾಕಲಾ, ಹೀಟರ್ ಹಾಕಲಾ, ಫೋನ್ ಚಾರ್ಜಿಗೆ ಹಾಕಲಾ. ಪ್ರತಿ ಸಲವೂ ಅದೇ ಮೆತ್ತಗಿನ ದನಿ. ಬೇಕೆಂದೇ ಕೇಳುತ್ತಾರೆ, ಚುಚ್ಚುವುದಕ್ಕೇ ಕೇಳುತ್ತಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಬೈದು ಬಿಟ್ಟಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಇವರು ಬೈಯುವ ಜಾತಿಯಲ್ಲ. ಹೀಗೆ ದಿನಕ್ಕೆರಡು ಬಾರಿ ಪ್ಲಗ್ಗು ತೋರಿಸಿ ಕೇಳುವ ಜಾತಿ. ಅವಳು ಎದ್ದುಹೋಗಿ ಟೋಸ್ಟರನ್ನು ದಡಕ್ಕನೆ ಸಿಕ್ಕಿಸಿ ಬಂದಳು. “ಥ್ಯಾಂಕ್ಸ್ ನಿರು” ಎಂದರು ಅವರು. ಅದೂ ಚುಚ್ಚಿತು.

ಎರಡು ವರ್ಷದ ಕೆಳಗೆ ಒಂದು ಭಾನುವಾರದ ಮಧ್ಯಾಹ್ನ, ಪಕ್ಕದ ಊರು ಎಡಿಸನ್ನಿನ ಒಂದು ಶಾಲೆಯ ಸಭಾಂಗಣದಲ್ಲಿ ಶೈಲಮ್ಮನವರ ಮೊಮ್ಮಗಳು ತನ್ವಿಯ ಮೊದಲ ಕಛೇರಿ. ಹನ್ನೊಂದು ವರ್ಷದ ಹುಡುಗಿ, ಹಸಿರು ಲಂಗ, ಭಯಕ್ಕೆ ಬೆವರಿದ ಮೂಗು. ವೇದಿಕೆಯ ಮೇಲೆ ಕಂದು ಬಣ್ಣದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಡಾಕ್ಟರು ಬೆಂಗಳೂರಿನಿಂದ ಹೆಂಡತಿಗೆ ತಂದುಕೊಟ್ಟದ್ದು, ಶೈಲಮ್ಮನವರ ಶ್ರುತಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ತಿರುಪಿನ ಪಕ್ಕದಲ್ಲಿ ಉಗುರಿನ ಬಣ್ಣದಿಂದ ಒಂದು ಕೆಂಪು ಚುಕ್ಕೆಯಿಟ್ಟಿದ್ದರಂತೆ. ಪೆಟ್ಟಿಗೆ ಬಂದಿತ್ತು, ಅದರ ಅಡಾಪ್ಟರು ಜೆರಿಕೋದಲ್ಲೇ ಉಳಿದಿತ್ತು. ಅಯ್ಯೋ ರಾಮ ಎಂದು ಎಲ್ಲರೂ ಗಡಿಬಿಡಿ ಮಾಡುವಾಗ ಯಾರೋ, “ನಿರುಪಮಾ ಇದಾರಲ್ಲ, ಇಂಜಿನಿಯರು!” ಎಂದರು. ಇಪ್ಪತ್ತು ಮುಖ ಅವಳ ಕಡೆ ತಿರುಗಿದವು. ಅವಳ ಕಾರಿನ ಡಿಕ್ಕಿಯಲ್ಲಿ ಸೀರೆ ಅಂಗಡಿಯ ಬಟ್ಟೆ ಚೀಲ, ಚೀಲದ ತುಂಬ ಹಳೆಯ ಅಡಾಪ್ಟರುಗಳು. ಅವಳ ಮನೆಯಲ್ಲಿ ಸತ್ತ ಫೋನಿನ ವೈರನ್ನೂ ಇರಲಿ ಬೇಕಾಗುತ್ತೆ ಎಂದು ಎತ್ತಿಡುವುದೇ ಪದ್ಧತಿ. ನಾಲ್ಕನೆಯದರ ತುದಿ ಪೆಟ್ಟಿಗೆಯ ತೂತಿಗೆ ಸರಿಯಾಗಿ ಕೂತಿತು. ಮೇಲೆ ಕಪ್ಪಿನ ಮೇಲೆ ಕಪ್ಪು ಅಕ್ಷರ, ಇರುವೆಗಿಂತ ಸಣ್ಣದು. ಓದುವ ಕನ್ನಡಕ ಪರ್ಸಿನಲ್ಲಿತ್ತು. ಪರ್ಸು ಮೂರನೇ ಸಾಲಿನ ಕುರ್ಚಿಯ ಕೆಳಗಿತ್ತು. ಹೊಸ ಮೈಸೂರು ರೇಷ್ಮೆ ಉಟ್ಟಿದ್ದಳು, ಯಾರೋ ಫೋಟೋ ತೆಗೆಯುತ್ತಿದ್ದರು. ಅವಳು ಅಡಾಪ್ಟರನ್ನು ಮೊಳದುದ್ದ ದೂರ ಹಿಡಿದು, ಹುಬ್ಬು ಗಂಟಿಕ್ಕಿ, ಓದಿದವಳ ಹಾಗೆ ಎರಡು ಸಲ ತಲೆಯಾಡಿಸಿ, “ಇದೇ ಸರಿ” ಎಂದಳು.

ಪೆಟ್ಟಿಗೆ ನಾಲ್ಕೇ ನಾಲ್ಕು ಸೆಕೆಂಡು ಝೇಂ ಎಂದಿತು. ಆಮೇಲೆ ಸುಟ್ಟ ವಾಸನೆ. ವೇದಿಕೆಗೆ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ತಂದವರು ಅಶ್ವತ್ಥನಾರಾಯಣ. ಆ ಬೋರ್ಡನ್ನು ಇನ್ನೂ ಕೈಯಲ್ಲಿ ಹಿಡಿದೇ ನಿಂತಿದ್ದರು. ಬಾಯಿ ಅವಳದೇ, ಮಾತು ಎಲ್ಲಿಂದ ಬಂತೋ: “ಬೋರ್ಡ್ ಹಾಕಿದ್ದು ಇವರು. ಏನು ಮಾಡಿದರೋ ಏನೋ!” ಸಭೆಯೇ ನಕ್ಕಿತು. ಪೆಟ್ಟಿಗೆಯನ್ನು ಬಿಚ್ಚಿ ನೋಡಿಸೋಣವೇ ಎಂದು ಶೈಲಮ್ಮ ಕೇಳಿದಾಗ ಅವಳು, “ಪೂರ್ತಿ ಹೋಗಿದೆ, ಏನೂ ಮಾಡೋಕಾಗಲ್ಲ” ಎಂದಳು, ಬಿಚ್ಚಿದವರಿಗೆ ತಪ್ಪು ಎಲ್ಲಿಯದೆಂದು ತಿಳಿಯುತ್ತದೆಂದು. ಮುಂದಿನ ಒಂದು ಗಂಟೆ ಹತ್ತು ನಿಮಿಷ, ಎಪ್ಪತ್ತೆರಡು ವರ್ಷದ ಶೈಲಮ್ಮ ಮೊಮ್ಮಗಳ ಪಕ್ಕದಲ್ಲಿ ಕೂತು, ಪೆಟ್ಟಿಗೆ ಮಾಡಬೇಕಿದ್ದ ಕೆಲಸವನ್ನು ತಮ್ಮ ಗಂಟಲಿನಿಂದ ಮಾಡಿದರು, ಒಂದೇ ಷಡ್ಜ, ನಡುವೆ ಉಸಿರು ಕದ್ದು ಕದ್ದು ತೆಗೆದುಕೊಳ್ಳುತ್ತ. ಎರಡು ವಾರ ಅವರಿಗೆ ದನಿ ಬರಲಿಲ್ಲ. ಊಟದ ಸಾಲಿನಲ್ಲೇ ಮಕ್ಕಳು ಅಶ್ವತ್ಥನಾರಾಯಣರಿಗೆ ಫ್ಯೂಸ್ ಅಂಕಲ್ ಎಂದು ಹೆಸರಿಟ್ಟವು. ಮನೆಗೆ ಬಂದು ಕನ್ನಡಕ ಹಾಕಿ ಓದಿದಳು: ಹನ್ನೆರಡು ವೋಲ್ಟು, ಎಸಿ. ಪೆಟ್ಟಿಗೆ ಕೇಳುತ್ತಿದ್ದುದು ಒಂಬತ್ತು, ಡಿಸಿ. ಆ ಮನೆಯಲ್ಲಿ ಮೊದಲ ಬಾರಿಗೆ ಒಂದು ಅಡಾಪ್ಟರು ಕಸದ ಬುಟ್ಟಿಗೆ ಬಿತ್ತು. ಅದನ್ನು ಅಶ್ವತ್ಥನಾರಾಯಣ ನೋಡಿರಲೇಬೇಕು. ನೋಡಿಯೂ ಬಾಯಿ ಬಿಡಲಿಲ್ಲ ಎಂದೇ ಅವಳು ಲೆಕ್ಕ ಹಾಕಿದ್ದಳು. ಹೇಳಬೇಕು, ನಾಳೆ ಹೇಳುತ್ತೇನೆ ಎಂದುಕೊಂಡದ್ದು ಒಂದು ವಾರವಾಯಿತು, ಯುಗಾದಿಯಾಯಿತು, ಅಷ್ಟರಲ್ಲಿ ತಮಾಷೆ ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂದರೆ ಅವರಿಲ್ಲದ ಕಡೆಯೂ ಜನ ಅದನ್ನು ಹೇಳಿ ನಗುತ್ತಿದ್ದರು.

ನಾಲ್ಕು ಅಡಾಪ್ಟರುಗಳನ್ನು ಚೀಲಕ್ಕೆ ಹಾಕಿದಳು. ಆಮೇಲೆ ಗ್ಯಾರೇಜಿಗೆ ಹೋಗಿ, ಲ್ಯಾಬ್ ಮುಚ್ಚಿದಾಗ ಬೇಕಾದವರು ಒಯ್ಯಿರಿ ಎಂದು ಕೊಟ್ಟಿದ್ದ ಬೂದು ಬಣ್ಣದ ಪವರ್ ಸಪ್ಲೈ ಎದುರು ನಿಂತಳು. ಅದಕ್ಕೊಂದು ತಿರುಪು, ಎರಡು ಮೀಟರು. ಸೊನ್ನೆಯಿಂದ ಮೂವತ್ತರವರೆಗೆ ಎಷ್ಟು ಬೇಕೋ ಅಷ್ಟಕ್ಕೆ ತಿರುಗಿಸಬಹುದು. ಅದನ್ನು ಒಯ್ದರೆ ಕೆಲಸ ಸುಲಭ. ಆದರೆ ಅದನ್ನು ಹೊತ್ತುಕೊಂಡು ಶೈಲಮ್ಮನವರ ಮನೆಗೆ ನುಗ್ಗುವುದೆಂದರೆ, ನನಗೆ ಗೊತ್ತಿಲ್ಲ, ತಡಕಾಡಿ ನೋಡಬೇಕು ಎಂದು ಬಾಗಿಲಲ್ಲೇ ಒಪ್ಪಿಕೊಂಡ ಹಾಗೆ. ಗೊತ್ತಿದ್ದವರು ಒಂದು ಅಡಾಪ್ಟರು ಜೇಬಿನಲ್ಲಿಟ್ಟುಕೊಂಡು ಹೋಗಿ ಸಿಕ್ಕಿಸಿ, ಹೋಳಿಗೆ ತಿಂದು ಬರುತ್ತಾರೆ. ಹಾಗೆ ಹೋಗಿಯೇ ತಾನೆ ಹಾಳಾದದ್ದು. ಎರಡೂ ಕೈಯಲ್ಲಿ ಅದನ್ನು ಎತ್ತಿ ಕಾರಿನಲ್ಲಿಟ್ಟಳು. ಬೆನ್ನು ಚಳಕ್ ಎಂದಿತು.

ವೆರಜಾನೋ ಸೇತುವೆ ದಾಟುವಾಗ ಕೆಳಗೆ ಹಡಗೊಂದು ನಿಂತ ಹಾಗೆ ಚಲಿಸುತ್ತಿತ್ತು. ಬೆಲ್ಟ್ ಪಾರ್ಕ್‌ವೇಯಲ್ಲಿ ಎಂದಿನಂತೆ ಟ್ರಾಫಿಕ್ಕು. ಪಕ್ಕದ ಸೀಟಿನಲ್ಲಿ ಅಶ್ವತ್ಥನಾರಾಯಣ ಫೋನನ್ನೂ ಅದರ ವೈರನ್ನೂ ಕೈಯಲ್ಲಿ ಹಿಡಿದು ಕಾರಿನ ಚಾರ್ಜಿಂಗ್ ತೂತನ್ನು ನೋಡುತ್ತಿದ್ದರು. “ನಿರು, ಎಂಟು ಪರ್ಸೆಂಟ್ ಇದೆ. ಇಲ್ಲಿ ಹಾಕಲಾ?”

“ಹಾಕ್ರೀ ಬೇಕಾದ್ರೆ! ಅದನ್ನೂ ಕೇಳಬೇಕಾ?”

ಅವರು ಹಾಕಲಿಲ್ಲ. ವೈರನ್ನು ಮಡಿಸಿ ಜೇಬಿಗಿಟ್ಟು, “ಇರಲಿ, ಅಲ್ಲಿ ಹೋದಮೇಲೆ ತನ್ವಿ ಹತ್ರ ಹಾಕಿಸ್ಕೋತೀನಿ” ಎಂದರು. ಮುಂದಿನ ಕಾರಿನ ಕೆಂಪು ದೀಪಗಳನ್ನು ನೋಡುತ್ತ ಅವಳು ಸ್ಟೀರಿಂಗನ್ನು ಬಿಗಿಹಿಡಿದಳು. ಇಲ್ಲೇ ಹೇಳಿಬಿಡಬೇಕು. ಕಾರಿನಲ್ಲಿ ಇಬ್ಬರೇ, ಅವರು ಎಲ್ಲಿಗೂ ಎದ್ದುಹೋಗುವಂತಿಲ್ಲ, ಅವಳೂ ರಸ್ತೆ ನೋಡುತ್ತಲೇ ಮಾತಾಡಬಹುದು. ನೋಡ್ರೀ, ಆವತ್ತು… ಎಂದು ಮನಸ್ಸಿನಲ್ಲೇ ಶುರು ಮಾಡಿದಳು. ಆವತ್ತು ಎಂದ ಕೂಡಲೆ ಅವರು ನನಗೆ ಗೊತ್ತು ಬಿಡು ಎನ್ನುತ್ತಾರೆ, ಹಾಗೆಂದು ಎರಡು ವರ್ಷ ಕಾದು ಕೂತ ದೊಡ್ಡವರ ಹಾಗೆ ಕಿಟಕಿಯಾಚೆ ನೋಡುತ್ತಾರೆ, ಅದನ್ನು ತಡೆದುಕೊಳ್ಳಲು ತನ್ನಿಂದಾಗದು ಎನ್ನಿಸಿತು. ಟ್ರಾಫಿಕ್ಕು ಸಡಿಲವಾಯಿತು. ಅವಳು ಕಾರನ್ನು ಎಡಕ್ಕೆ ತಂದು ವೇಗ ಹೆಚ್ಚಿಸಿದಳು.

ಆಯುಧಪೂಜೆ ಪಂಚಾಂಗದ ಪ್ರಕಾರ ಬುಧವಾರವೇ ಮುಗಿದಿತ್ತು. ಜೆರಿಕೋದಲ್ಲಿ ಶನಿವಾರಕ್ಕೆ ಮುಂಚೆ ಯಾವ ದೇವರೂ ಬರುವುದಿಲ್ಲ. ಶೈಲಮ್ಮನವರ ಮನೆ ಮುಂದೆ ಕಾರಿಗೂ ಹುಲ್ಲು ಕತ್ತರಿಸುವ ಮೆಷಿನ್ನಿಗೂ ಚೆಂಡುಹೂವಿನ ಹಾರ ಬಿದ್ದಿತ್ತು. ಒಳಗೆ ಒಂಬತ್ತು ಮೆಟ್ಟಿಲಿನ ಗೊಂಬೆ. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟಿ ಮತ್ತು ಶೆಟ್ಟಿಯ ಹೆಂಡತಿ, ಅವರ ಅಂಗಡಿಯ ಪಕ್ಕದಲ್ಲಿ ಗೇಣುದ್ದದ ಸ್ವಾತಂತ್ರ್ಯದೇವಿ. ಗೊಂಬೆಯ ಎಡಕ್ಕೆ ಗೋಡೆಗೊರಗಿ ಪಚಿಂಕೋ ನಿಂತಿತ್ತು, ನೀಲಿ ಬಣ್ಣ, ಗಾಜಿನ ಹಿಂದೆ ಹಿತ್ತಾಳೆಯ ಮೊಳೆಗಳು, ನಡುವೆ ಕಿತ್ತಲೆ ಬಣ್ಣದ ಪ್ಲಾಸ್ಟಿಕ್ ಹೂವು, ಮೂಲೆಯಲ್ಲಿ ಹಸಿ ಕುಂಕುಮ. ಪೂಜೆಗೆ ಇಟ್ಟ ಸಾಮಾನುಗಳ ಕಡೆ ಕಣ್ಣು ಹೋಗಿ ಅವಳು ಅಲ್ಲೇ ನಿಂತುಬಿಟ್ಟಳು. ತಂಬೂರಿ, ತಾಳ, ತನ್ವಿಯ ಲ್ಯಾಪ್‌ಟಾಪು, ಹೊಲಿಗೆಯ ಕತ್ತರಿ, ಅವುಗಳ ನಡುವೆ ಆ ಕಂದು ಪೆಟ್ಟಿಗೆ. ಅದಕ್ಕೂ ಅರಿಸಿನ, ಕುಂಕುಮ, ಒಂದು ಸೇವಂತಿಗೆ.

“ಹೋಗಿದ್ರೂ ಪೂಜೆ ಬಿಡೋಕಾಗತ್ತಾ?” ಎಂದರು ಶೈಲಮ್ಮ, ಅವಳ ನೋಟ ಹಿಡಿದು. “ಇಷ್ಟು ವರ್ಷ ದುಡಿದಿದೆ ಪಾಪ. ಬನ್ನಿ ಬನ್ನಿ, ಪ್ರೊಫೆಸರೇ, ಚೆನ್ನಾಗಿದೀರಾ?”

ತನ್ವಿ ಹದಿಮೂರಕ್ಕೆ ಉದ್ದಕ್ಕೆ ಬೆಳೆದಿದ್ದಳು. ಅಶ್ವತ್ಥನಾರಾಯಣರನ್ನು ಕಂಡು ಎರಡೂ ಕೈ ಅಡ್ಡ ಹಿಡಿದು, “ಫ್ಯೂಸ್ ಅಂಕಲ್! ಯು ಸಿಟ್ ಓವರ್ ದೇರ್, ಓಕೆ?” ಎಂದು ದೂರದ ಸೋಫಾ ತೋರಿಸಿ ನಕ್ಕಳು. ಪ್ರೀತಿಯ ಮಾತೇ. ಅವರೂ ನಗುತ್ತ ಸರಂಡರ್ ಎಂದು ಕೈಯೆತ್ತಿ, ಹೋಗಿ ಸೋಫಾದ ಅಂಚಿನಲ್ಲಿ ಕೂತು, ಕೈಗಳನ್ನು ಮಂಡಿಗಳ ನಡುವೆ ಸೇರಿಸಿಕೊಂಡರು.

ನಿರುಪಮಾ ಯಂತ್ರವನ್ನು ಮುಂದಕ್ಕೆಳೆದು ಅದರ ಬೆನ್ನಿಗೆ ಹೋದಳು. ಒಳಗೆಲ್ಲ ತಗಡಿನ ಕಾಲುವೆಗಳು, ಸಣ್ಣ ತಕ್ಕಡಿಗಳು, ಸ್ಪ್ರಿಂಗುಗಳು. ಗೋಲಿಯ ಭಾರದಿಂದಲೇ ಎಲ್ಲ ನಡೆಯುತ್ತದೆ. ಕರೆಂಟು ಬೇಕಿರುವುದು ದೀಪಕ್ಕೆ ಮಾತ್ರ. ಹೂವಿನ ಹಿಂದೆ ಒಂದು ಬಲ್ಬು, ಯಾವಾಗಲೂ ಉರಿಯುವುದು. ನೆತ್ತಿಯ ಮೇಲೆ ಇನ್ನೊಂದು, ಗೆದ್ದಾಗ ಹತ್ತುವುದು. ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಭೂತಗನ್ನಡಿಯನ್ನೂ ಹಿಡಿದಳು. ಬಲ್ಬಿನ ಹಿತ್ತಾಳೆಯ ಕತ್ತಿನಲ್ಲಿ ಬರೆದಿದ್ದ ಅಂಕಿಯನ್ನು ತುಕ್ಕು ತಿಂದುಬಿಟ್ಟಿತ್ತು. ಇನ್ನೊಂದರದೂ ಅದೇ ಕತೆ. ಹಿಂಬದಿಯ ಚೀಟಿಯಲ್ಲಿ ಜಪಾನಿ ಅಕ್ಷರ ಬಿಟ್ಟರೆ ಇಲಿ ಕಡಿದ ಗುರುತು. ಮಲ್ಟಿಮೀಟರಿನಿಂದ ಮುಟ್ಟಿ ನೋಡಿದಳು: ಎರಡೂ ಬಲ್ಬುಗಳಲ್ಲಿ ತಂತಿ ಜೀವಂತವಾಗಿತ್ತು. ಸದ್ಯ.

“ಎಷ್ಟು ಬೇಕಂತೆ?” ಶೈಲಮ್ಮ ಕೇಳಿದರು.

“ಗೊತ್ತಿಲ್ಲ” ಎಂದಳು. ಅಂದ ಮೇಲೆ, ಈ ಹೆಂಗಸಿನ ಎದುರಿಗೆ ತಾನು ಈ ಮಾತು ಆಡಿದ್ದು ಇದೇ ಮೊದಲು ಎಂದು ನೆನಪಾಯಿತು. ಪ್ರಪಂಚವೇನೂ ಮುಳುಗಲಿಲ್ಲ. “ಸೊನ್ನೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ ನೋಡಬೇಕು. ನೋಡೋಕೆ ನೀವೂ ಬೇಕು. ಡಾಕ್ಟರು ಇದ್ದಾಗ ಎಷ್ಟು ಬೆಳಗ್ತಿತ್ತೋ ನಿಮಗೇ ಗೊತ್ತು.”

“ಶ್ರುತಿ ಸೇರಿಸಿದ ಹಾಗೆ ಅನ್ನಿ” ಎಂದು ಶೈಲಮ್ಮ ಮಣೆ ಎಳೆದುಕೊಂಡು ಯಂತ್ರದೆದುರು ಕೂತರು.

ಬೂದು ಸಪ್ಲೈಯ ಎರಡು ವೈರುಗಳನ್ನು ನೇತಾಡುತ್ತಿದ್ದ ಎರಡು ವೈರುಗಳಿಗೆ ಸೇರಿಸಿ, ತಿರುಪು ಸೊನ್ನೆಯಲ್ಲಿದೆಯೇ ಎಂದು ಎರಡು ಸಲ ನೋಡಿ, ಸ್ವಿಚ್ ಹಾಕಿದಳು. ಎರಡು ವೋಲ್ಟು, ಏನಿಲ್ಲ. ಮೂರಕ್ಕೆ ಹೂವಿನ ಹಿಂದೆ ಕೆಂಡದಂಥದೇನೋ ಕಂಡಿತು. ಐದಕ್ಕೆ ಹೂವಿನ ದಳಗಳ ಅಂಚು ಕಾಣಿಸಿತು. ನಿರುಪಮಾ ತಿರುಪನ್ನು ಇನ್ನೊಂದಿಷ್ಟು ತಿರುಗಿಸಿದಳು. “ಇನ್ನೂ” ಎಂದರು ಶೈಲಮ್ಮ, ಕಣ್ಣು ಕಿರಿದು ಮಾಡಿ, ಶಿಷ್ಯರ ತಂಬೂರಿ ಕೇಳುವಾಗಿನ ಅದೇ ಮುಖ. “ಇನ್ನೂ ಸ್ವಲ್ಪ… ಇಲ್ಲ, ಸೇರಿಲ್ಲ… ಇನ್ನೂ ಒಂದು ಕೂದಲೆಳೆ… ಹಾಂ. ಸಾಕು. ಅಲ್ಲೇ ಇರಲಿ.” ಹೂವು ಒಳಗಿನಿಂದ ಹಣ್ಣಾದ ಹಾಗೆ ಹೊಳೆಯುತ್ತಿತ್ತು. “ಇದೇ ಬಣ್ಣ. ಕ್ವೀನ್ಸ್‌ನಲ್ಲಿ ಒಂದೇ ರೂಮಿನ ಮನೆ ನಮ್ಮದು. ಟೀವಿ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದು ಶೂ ಕೂಡ ಬಿಚ್ಚದೆ ಇದರ ಮುಂದೆ ನಿಂತುಬಿಡೋರು. ಸೋತ್ರೆ ನನ್ನ ಮೇಲೆ ಹಾಕೋರು, ನೀನು ಹಾಡ್ತಿದ್ದೆ ಅದಕ್ಕೇ ಗುರಿ ತಪ್ಪಿತು ಅಂತ!” ಶೈಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ನಗುತ್ತಲೇ ಇದ್ದರು. ನಿರುಪಮಾ ಮೀಟರು ನೋಡಿದಳು. ಎಂಟು ಪಾಯಿಂಟ್ ಎಂಟು.

“ಹಾಗಾದ್ರೆ ಒಂಬತ್ತರದು” ಎಂದು ಚೀಲಕ್ಕೆ ಕೈ ಹಾಕಿದಳು.

“ಇರಿ ಇರಿ” ಎಂದು ಶೈಲಮ್ಮ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ ಬಂದರು. ಅವರ ಕೈಯಲ್ಲಿ ಒಂದು ಹಳೆಯ ಕಪ್ಪು ಅಡಾಪ್ಟರು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಮೇಲೆ ಬಿಳಿ ಅಂಟುಪಟ್ಟಿ, ಅದರ ಮೇಲೆ ಬಾಲ್ ಪೆನ್ನಿನಲ್ಲಿ, ಶ್ರುತಿ. “ಇದೂ ಒಂಬತ್ತೇ ಅಲ್ವಾ? ಆವತ್ತು ನಾನು ಇಲ್ಲೇ ಮರೆತು ಬಂದಿದ್ದು ಇದನ್ನೇ. ಪೆಟ್ಟಿಗೆಯೇ ಹೋದಮೇಲೆ ಇದಕ್ಕೇನು ಕೆಲಸ. ತುದಿ ಕತ್ತರಿಸಿ ಇದಕ್ಕೆ ಸೇರಿಸಿಬಿಡಿ. ಡಾಕ್ಟರ ಯಂತ್ರಕ್ಕೆ ಡಾಕ್ಟರ ಕೈಬರಹ ಇರಲಿ.”

ನಿರುಪಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕದ ಮೂಲಕ ಒಂದೊಂದೇ ಅಕ್ಷರ ಓದಿದಳು. ಒಂಬತ್ತು ವೋಲ್ಟು. ಡಿಸಿ. ಐನೂರು ಮಿಲಿ ಆಂಪ್. ಎರಡೂ ಬಲ್ಬು ಸೇರಿ ಮುನ್ನೂರನ್ನು ದಾಟುವುದಿಲ್ಲ. ಎಲ್ಲ ಸರಿಯಾಗಿತ್ತು. ಕಟ್ಟರ್ ತೆಗೆದು, ವೈರನ್ನು ಅದರ ಬಾಯಿಗೆ ಕೊಟ್ಟಳು. ಬೆರಳು ಒತ್ತಲಿಲ್ಲ. ಒತ್ತಿದರೆ ಆ ಶ್ರುತಿಪೆಟ್ಟಿಗೆಗೆ ಇನ್ನು ಈ ಲೋಕದಲ್ಲಿ ಏನೂ ಉಳಿಯುವುದಿಲ್ಲ. ಅದು ಸತ್ತಿದೆ ಎಂದು ಸಾರಿದವಳು ತಾನು; ಬಿಚ್ಚಿಯೂ ನೋಡದೆ. ಸತ್ತಿರಲಿಕ್ಕಿಲ್ಲ. ಒಳಗಿನ ಒಂದು ಡಯೋಡು, ಹೆಚ್ಚೆಂದರೆ ಒಂದು ಕೆಪಾಸಿಟರು ಬದಲಾಯಿಸಿದರೆ ಸಾಕೇನೋ. ಈ ಮಾತು ಅವಳಿಗೆ ಆವತ್ತಿನಿಂದಲೂ ಗೊತ್ತಿತ್ತು. ತನ್ನ ಚೀಲದ ಒಂಬತ್ತನ್ನು ಸಿಕ್ಕಿಸಿ, ಇದು ಬೇಡ ಶೈಲಮ್ಮನೋರೇ, ಹಳೇದು, ಎಂದುಬಿಟ್ಟರೂ ನಡೆಯುತ್ತದೆ. ಯಾರೂ ಏನೂ ಕೇಳುವುದಿಲ್ಲ. ಹೋಳಿಗೆ ತಿಂದು ಸಂಜೆಯೊಳಗೆ ಮನೆ. ಅವಳು ಕಟ್ಟರನ್ನು ಕೆಳಗಿಟ್ಟಳು.

“ಕತ್ತರಿಸಲ್ಲ. ಪೆಟ್ಟಿಗೆಗೆ ಬೇಕಾಗತ್ತೆ.”

“ಪೂರ್ತಿ ಹೋಗಿದೆ ಅಂದಿರಲ್ಲ?”

“ಸುಳ್ಳು ಹೇಳಿದೆ. ಬಿಚ್ಚಿದ್ರೆ ಗೊತ್ತಾಗತ್ತೆ ಅಂತ ಹಾಗಂದೆ. ಆವತ್ತು ಬೋರ್ಡಿಂದ ಏನೂ ಆಗಿರಲಿಲ್ಲ ಶೈಲಮ್ಮನೋರೇ. ನಾನು ಕೊಟ್ಟ ಅಡಾಪ್ಟರ್ ತಪ್ಪಿತ್ತು. ಓದಲೇ ಇಲ್ಲ ನಾನು. ಕನ್ನಡಕ ಇರಲಿಲ್ಲ, ಎಲ್ಲರೂ ನೋಡ್ತಿದ್ರು, ಓದೋ ಹಾಗೆ ನಾಟಕ ಮಾಡಿದೆ. ಆಮೇಲೆ ಇವರ ಮೇಲೆ ಹಾಕಿಬಿಟ್ಟೆ. ನೀವು ಎರಡು ವಾರ ದನಿಯಿಲ್ಲದೆ ಇದ್ರಿ, ಆಗಲೂ ಹೇಳಲಿಲ್ಲ.”

ಹೂವು ಇನ್ನೂ ಎಂಟು ಪಾಯಿಂಟ್ ಎಂಟರಲ್ಲಿ ಉರಿಯುತ್ತಿತ್ತು. ಶೈಲಮ್ಮ ಅವಳನ್ನು ನೋಡಲಿಲ್ಲ. ಸೋಫಾದ ಕಡೆ ತಿರುಗಿದರು. ಅವರ ದನಿ ಒರಟಾಗಿತ್ತು. “ಪ್ರೊಫೆಸರೇ, ನಾನೇ ನಿಮ್ಮನ್ನ ಎಷ್ಟು ಸಲ ಆಡ್ಕೊಂಡಿದೀನಿ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?”

ಅಶ್ವತ್ಥನಾರಾಯಣ ಎದ್ದು ನಿಂತಿದ್ದರು. ಕೈ ಇನ್ನೂ ಒಂದನ್ನೊಂದು ಹಿಡಿದೇ ಇದ್ದವು. “ನನಗೆ ಗೊತ್ತಿದ್ರೆ ತಾನೇ ಹೇಳೋದು?” ಎಂದರು. “ನಾನೇ ಮಾಡಿದ್ದು ಅಂದ್ಕೊಂಡಿದ್ದೆ. ನಿರು ಹೇಳಿದ ಮೇಲೆ ಇನ್ನೇನು, ಅವಳಿಗಲ್ವಾ ಅದೆಲ್ಲ ಗೊತ್ತಿರೋದು. ಬೋರ್ಡನ್ನ ಎಳೀವಾಗ ಎಲ್ಲೋ ಏನೋ ಮಾಡಿರ್ತೀನಿ ಅಂತ ಎಷ್ಟು ಯೋಚನೆ ಮಾಡಿದೀನಿ ಗೊತ್ತಾ. ಅವತ್ತಿಂದ ಪ್ಲಗ್ ಮುಟ್ಟೋಕೇ ಹೆದರಿಕೆ. ಮನೇಲಿ ಇನ್ನೇನಾದ್ರೂ ಸುಟ್ಟು, ಇವಳಿಗೆ ಏನಾದ್ರೂ ಆದ್ರೆ?”

ನಿರುಪಮಾ ನೆಲದ ಮೇಲೇ ಕೂತಳು. ಟೋಸ್ಟರ್ ಹಾಕಲಾ. ಕುಕ್ಕರ್ ಹಾಕಲಾ. ಏಳುನೂರು ದಿನ, ದಿನಕ್ಕೆರಡು ಸಲ, ಈ ಮನುಷ್ಯ ನಿಜವಾಗಿಯೂ ಕೇಳಿದ್ದಾನೆ, ತಾನು ಏಳುನೂರು ದಿನವೂ ಹಲ್ಲು ಕಚ್ಚಿಕೊಂಡು ‘ಹಾಕಿ’ ಎಂದಿದ್ದಾಳೆ. ಅವರು ಎಲ್ಲ ತಿಳಿದೂ ಸುಮ್ಮನಿದ್ದಾರೆಂಬ ಸಿಟ್ಟು ಎಷ್ಟು ಆರಾಮದ ಸಿಟ್ಟಾಗಿತ್ತೆಂದು ಈಗ ಗೊತ್ತಾಯಿತು. ಅಳು ಬಂತು. ಶೈಲಮ್ಮನವರ ಮನೆಯಲ್ಲಿ, ಹಬ್ಬದ ದಿನ, ಹದಿಮೂರರ ಹುಡುಗಿಯ ಎದುರಿಗೆ ಮೂಗು ಸೋರಿಸಿಕೊಂಡು ಅತ್ತಳು. ಅವಮಾನವಾಗಲಿಲ್ಲ. ಅಥವಾ ಆಯಿತೇನೋ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ವ್ಯವಧಾನ ಇರಲಿಲ್ಲ.

“ಎಂಥ ಹುಚ್ಚಿಯೇ ನೀನು” ಎಂದರು ಶೈಲಮ್ಮ ಕೊನೆಗೆ. “ಕನ್ನಡಕ ಮರೆತೆ ಅಂದಿದ್ರೆ ನನ್ನ ಕನ್ನಡಕ ಕೊಡ್ತಿದ್ದೆ. ಕೋಪ ಬಂದಿದೆ ನನಗೆ, ಬಂದಿಲ್ಲ ಅಂತ ಹೇಳಲ್ಲ. ಆದರೆ ನನ್ನದು ಆಮೇಲೆ. ಮೊದಲು ಅವರ ಹತ್ರ ಮಾತಾಡು.”

ಏನು ಮಾತಾಡುವುದು? ನಲವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರಿಗೂ ತಪ್ಪಾಯಿತು ಎಂಬ ಮಾತನ್ನು ಉಪಯೋಗಿಸಿ ಅಭ್ಯಾಸವಿರಲಿಲ್ಲ. “ತಪ್ಪಾಯ್ತು ರೀ” ಎಂದಳು. ಅಷ್ಟೇ ಬಂತು. ಆಮೇಲೆ ಮೂಗೊರೆಸಿಕೊಂಡು ಎದ್ದಳು. ಬೂದು ಸಪ್ಲೈ ಆರಿಸಿ ವೈರು ಬಿಚ್ಚಿದಳು. ಚೀಲದಲ್ಲಿ ತಡಕಿ, ಎರಡು ಸ್ಕ್ರೂ ಇರುವ ಪುಟ್ಟ ಸಾಕೆಟ್ ಹುಡುಕಿ, ಯಂತ್ರದ ಎರಡು ವೈರುಗಳನ್ನು ಅದಕ್ಕೆ ಬಿಗಿದಳು. ಶ್ರುತಿ ಎಂದು ಬರೆದ ಅಡಾಪ್ಟರಿನ ತುದಿ ಅದರಲ್ಲಿ ಸಲೀಸಾಗಿ ಕೂತಿತು. ಬೇಕೆಂದಾಗ ತೆಗೆಯಲೂ ಬಹುದು. “ಬನ್ನಿ ಇಲ್ಲಿ. ನೀವೇ ಗೋಡೆಗೆ ಹಾಕಿ.”

“ನಾನಾ?”

“ನೀವೇ. ನಾನು ಓದಿದೀನಿ. ಬೇಕಾದ್ರೆ ನೀವೂ ಓದಿ.”

ಅವರು ನಿಜವಾಗಿಯೂ ಓದಿದರು, ಅವಳ ಕನ್ನಡಕವನ್ನೇ ಮೂಗಿನ ಮೇಲೇರಿಸಿಕೊಂಡು, ಕೀಟದ ಹೆಸರು ಓದುವ ಹಾಗೆ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ. ಪ್ಲಗ್ಗನ್ನು ಗೋಡೆಯ ಹತ್ತಿರ ತಂದು ನಿಲ್ಲಿಸಿದರು. ಮೊದಲ ಸಲ ಕೂರಲಿಲ್ಲ; ತಿರುಗಿಸಿದರು; ಕೂತಿತು. ಹೂವು ಹತ್ತಿಕೊಂಡಿತು.

ತನ್ವಿ ಹಿಡಿಗೆ ಹೆಬ್ಬೆರಳು ಕೊಟ್ಟಳು. ಗೋಲಿಗಳು ಒಂದರ ಹಿಂದೊಂದು ಮೇಲೆ ಹಾರಿ ಮೊಳೆಗಳಿಗೆ ಕಟಕಟ ಬಡಿದು ಬರಿದೇ ಕೆಳಗೆ ಬಿದ್ದವು. ಒಂಬತ್ತನೆಯದೋ ಹತ್ತನೆಯದೋ, ಅಂಚಿನ ಮೊಳೆಯೊಂದರ ಮೇಲೆ ಕ್ಷಣ ಹೊತ್ತು ಅತ್ತಿತ್ತ ನೋಡಿ ಹೂವಿನೊಳಕ್ಕೆ ಜಾರಿತು. ನೆತ್ತಿಯ ದೀಪ ಹತ್ತಿತು, ಗಂಟೆ ಬಾರಿಸಿತು, ತಟ್ಟೆಗೆ ಝಲ್ಲೆಂದು ಗೋಲಿಗಳು ಸುರಿದವು. ಅಶ್ವತ್ಥನಾರಾಯಣ ಯಾರಿಗೂ ಕಾಯದೆ ಜೋರಾಗಿ ಚಪ್ಪಾಳೆ ಹೊಡೆದರು. “ವೇಟ್” ಎಂದಳು ತನ್ವಿ, ನಿರುಪಮಾಳ ಕಡೆ ತಿರುಗಿ, ಏನನ್ನೋ ಗಂಭೀರವಾಗಿ ಲೆಕ್ಕ ಹಾಕುತ್ತ. “ಸೋ ಯು ಆರ್ ಫ್ಯೂಸ್ ಆಂಟಿ?”

“ತನ್ವೀ!” ಎಂದು ಗದರಿದರು ಶೈಲಮ್ಮ.

“ಇರಲಿ ಬಿಡಿ” ಎಂದಳು ನಿರುಪಮಾ. “ಸರಿಯಾಗೇ ಕೇಳಿದಾಳೆ.”

ಊಟ ಮಾಡಿ ಹೊರಟಾಗ ಮೂರು ಗಂಟೆ. ಶೈಲಮ್ಮ ಪೂಜೆಯಿಂದ ಪೆಟ್ಟಿಗೆಯನ್ನು ಎತ್ತಿ, ಕುಂಕುಮ ಒರೆಸದೆ, ಟವೆಲಿನಲ್ಲಿ ಸುತ್ತಿ ಕೊಟ್ಟರು. ಹೋಳಿಗೆಯ ಡಬ್ಬಿಯನ್ನು ನಿರುಪಮಾಳ ಕೈಗೆ ಕೊಡದೆ ಅಶ್ವತ್ಥನಾರಾಯಣರ ಕೈಗೇ ಕೊಟ್ಟರು. ಅವಳಿಗೆ, “ಸರಿಹೋದ್ರೆ ಫೋನ್ ಮಾಡು, ಹೋಗದಿದ್ರೂ ಮಾಡು” ಎಂದಷ್ಟೇ ಹೇಳಿದರು. ಡ್ರೈವ್‌ವೇಯ ತುದಿಯಲ್ಲಿ ನಿಂತು ತನ್ವಿ, “ಬೈ, ಫ್ಯೂಸ್ ಆಂಟಿ!” ಎಂದು ಕೂಗಿ ಕೈಬೀಸಿದಳು. ನಿರುಪಮಾ ಗಾಜಿಳಿಸಿ ತಾನೂ ಬೀಸಿದಳು. ಈ ಹೆಸರು ಇನ್ನು ಹತ್ತು ವರ್ಷ ಹೋಗುವುದಿಲ್ಲ ಎಂದುಕೊಂಡಳು.

ಕಾರು ಪಾರ್ಕ್‌ವೇಗೆ ಬಂತು. ಪೆಟ್ಟಿಗೆ ಅಶ್ವತ್ಥನಾರಾಯಣರ ತೊಡೆಯ ಮೇಲಿತ್ತು. ಟವೆಲಿನ ಮಡಿಕೆ ಸರಿಸಿ, ತಿರುಪಿನ ಪಕ್ಕದ ಕೆಂಪು ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಸರಿಹೋಗತ್ತಾ ಇದು?”

“ಗೊತ್ತಿಲ್ಲ. ನಾಳೆ ಇಬ್ಬರೂ ಬಿಚ್ಚಿ ನೋಡೋಣ.”

ಅವರು ಹೂಂ ಎಂದರು. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಫೋನು ತೆಗೆದು ನೋಡಿ, ತನ್ವಿ ಹತ್ತಿರ ಹಾಕಿಸಲು ಮರೆತೇಬಿಟ್ಟೆನಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿದರು. ಮಡಿಸಿದ ವೈರನ್ನು ಹೊರತೆಗೆದು ಬಿಡಿಸಿದರು. ಅದರ ತುದಿಯನ್ನು ಒಮ್ಮೆ, ಕಾರಿನ ತೂತನ್ನು ಒಮ್ಮೆ ನೋಡಿದರು. ಅವಳು ಕಣ್ಣನ್ನು ರಸ್ತೆಯ ಮೇಲೇ ಇಟ್ಟಿದ್ದಳು. ಉತ್ತರವನ್ನೂ ಸಿದ್ಧ ಮಾಡಿ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು, ಈ ಸಲ ಮೆತ್ತಗೆ ಹೇಳಬೇಕೆಂದು. ಟಕ್ ಎಂದು ಸಣ್ಣ ಸದ್ದಾಯಿತು. ಫೋನಿನ ಮುಖ ಬೆಳಗಿತು. ಅವರು ಅವಳನ್ನು ಕೇಳಿರಲಿಲ್ಲ.